ವೇದದ ಪ್ರಾರ್ಥನೆ, ರಾಜದ್ರೋಹದ ಓದು: ತಳೇಗಾಂವದ ಸಮರ್ಥ ವಿದ್ಯಾಲಯದ ಕಾಲದ ಒಂದು ಅರ್ಥವಿವಾದ

ಸಾಹಿತ್ಯದ ಅರ್ಥ ಬರೆದವನ ಮನಸ್ಸಿನಲ್ಲಿರುತ್ತದೆಯೋ ಓದಿದವನ ಮನಸ್ಸಿನಲ್ಲಿ ಹುಟ್ಟುತ್ತದೆಯೋ ಎಂಬ ಪ್ರಶ್ನೆ ಇಂದಿನ ವಿಶ್ವವಿದ್ಯಾಲಯಗಳ ಪಠ್ಯಕ್ರಮದಲ್ಲಿ ಪಾಶ್ಚಾತ್ಯ ವಿಮರ್ಶಕರ ಹೆಸರುಗಳ ಜೊತೆಗೇ ಬರುವುದು ವಾಡಿಕೆ. ಅಮೆರಿಕದ ವಿಮ್ಸಾಟ್ ಮತ್ತು ಬಿಯರ್ಡ್‌ಸ್ಲಿ 1946ರಲ್ಲಿ, ಲೇಖಕನ ಉದ್ದೇಶವನ್ನು ಕೃತಿಯನ್ನು ಅಳೆಯುವ ಕೋಲಾಗಿ ಬಳಸುವುದು ದೋಷವೆಂದರು. ಫ್ರಾನ್ಸಿನ ರೋಲಾಂ ಬಾರ್ತ್ 1967ರಲ್ಲಿ ಲೇಖಕನ ಮರಣವನ್ನೇ ಸಾರಿ, ಅರ್ಥದ ಅಧಿಕಾರವನ್ನು ಓದುಗನ ಕೈಗೆ ಒಪ್ಪಿಸಿದನು. ಅದೇ ವರ್ಷ ಇ. ಡಿ. ಹರ್ಷ್ ಲೇಖಕನ ಪಕ್ಷ ವಹಿಸಿ ಗ್ರಂಥವೊಂದನ್ನು ಪ್ರಕಟಿಸಿದನು. ಪಶ್ಚಿಮ ಭಾರತದಲ್ಲಿ ಈ ಪ್ರಶ್ನೆ 1908ರಲ್ಲೇ ಪುಸ್ತಕದ ಪುಟದಿಂದ ಕಟಕಟೆಗೆ ನಡೆದಿತ್ತು. ಅಲ್ಲಿ ಅದಕ್ಕೆ ಸಿಕ್ಕ ಉತ್ತರ ಕೆಲವರಿಗೆ ಸೆರೆಮನೆಯ ವರ್ಷಗಳಾಗಿ ಪರಿಣಮಿಸಿತ್ತು. ಆ ಪ್ರಕರಣದ ಒಂದು ತುದಿ ಕೊಲ್ಹಾಪುರದ ಮಾಸಪತ್ರಿಕೆಯೊಂದರಲ್ಲಿತ್ತು, ಇನ್ನೊಂದು ತುದಿ ಪುಣೆ ಜಿಲ್ಲೆಯ ತಳೇಗಾಂವ ದಾಭಾಡೆಯ ಶಾಲೆಯೊಂದರಲ್ಲಿತ್ತು. ವಿವಾದಕ್ಕೆ ಒಳಗಾದ ಮಾತುಗಳಾದರೋ, ಸಂಪ್ರದಾಯದ ಪ್ರಕಾರ, ಕರ್ತೃವೇ ಇಲ್ಲದ ಗ್ರಂಥಕ್ಕೆ ಸೇರಿದವು.

ಮಾವಳ ಸೀಮೆಯ ತಳೇಗಾಂವ, ಮರಾಠಾ ರಾಜ್ಯದ ಸೇನಾಪತಿ ಪದವಿಯನ್ನು ಹೊಂದಿದ್ದ ದಾಭಾಡೆ ಮನೆತನದ ಊರು. ಆ ಮನೆತನದ ತ್ರಿಂಬಕರಾವ್ 1731ರಲ್ಲಿ ಡಭೋಯಿಯ ಕದನದಲ್ಲಿ ಪೇಶ್ವೆ ಒಂದನೆಯ ಬಾಜಿರಾಯನ ಸೈನ್ಯದೆದುರು ಮಡಿದ ಬಳಿಕ ಮನೆತನದ ರಾಜಕೀಯ ಬಲ ಕುಗ್ಗಿತಾದರೂ, ಊರಿನ ಹೆಸರಿನಲ್ಲಿ ಅದರ ಗುರುತು ಉಳಿಯಿತು. ಮುಂಬಯಿ ಪುಣೆ ರೈಲುಮಾರ್ಗ ಬಂದ ಮೇಲೆ ಊರಿಗೆ ಬೇರೊಂದು ಬಗೆಯ ಮಹತ್ವ ಒದಗಿತು: ಎರಡೂ ನಗರಗಳಿಗೆ ಹತ್ತಿರವಿದ್ದೂ ಎರಡರ ಗದ್ದಲದಿಂದಲೂ ದೂರವಿದ್ದುದರಿಂದ ಸ್ವದೇಶಿ ಚಳವಳಿಯ ನಾಯಕರು ತಮ್ಮ ಪ್ರಯೋಗಗಳಿಗೆ ಈ ಸ್ಥಳವನ್ನು ಆರಿಸಿಕೊಂಡರು. ಪ್ರತಿಯೊಬ್ಬರಿಂದ ಒಂದೊಂದು ಪೈಸೆ ಕೂಡಿಸಿ ದೇಶೀಯ ಕೈಗಾರಿಕೆಯನ್ನು ಬೆಳೆಸಬೇಕೆಂದು ಅಂತಾಜಿ ದಾಮೋದರ ಕಾಳೆಯವರು ಆರಂಭಿಸಿದ ‘ಪೈಸಾ ಫಂಡ್’ ನಿಧಿಯಿಂದ 1908ರಲ್ಲಿ ಗಾಜಿನ ಕಾರ್ಖಾನೆ ತಲೆಯೆತ್ತಿದ್ದು ಇಲ್ಲಿಯೇ. ಸರಕಾರದ ಅನುದಾನವನ್ನೂ ಪಠ್ಯವನ್ನೂ ಬಿಟ್ಟು ನಡೆಯುವ ‘ರಾಷ್ಟ್ರೀಯ ಶಿಕ್ಷಣ’ದ ಸಮರ್ಥ ವಿದ್ಯಾಲಯ ನೆಲೆಗೊಂಡದ್ದೂ ಇಲ್ಲಿಯೇ.

ಸಮರ್ಥ ವಿದ್ಯಾಲಯದ ಹಿಂದಿದ್ದವರು ವಿಷ್ಣು ಗೋವಿಂದ ವಿಜಾಪುರಕರ. ಶಿಷ್ಯರ ಬಾಯಲ್ಲಿ ಅಣ್ಣಾಸಾಹೇಬ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಅವರು ‘ಗ್ರಂಥಮಾಲಾ’ ಎಂಬ ಮಾಸಿಕವನ್ನು ನಡೆಸಿದವರು, ‘ಸಮರ್ಥ’ ಪತ್ರಿಕೆಯನ್ನೂ ಬಳಿಕ ‘ವಿಶ್ವವೃತ್ತ’ವನ್ನೂ ಹೊರತಂದವರು. ಬಹಿಷ್ಕಾರ, ಸ್ವದೇಶಿ, ರಾಷ್ಟ್ರೀಯ ಶಿಕ್ಷಣ, ಸ್ವರಾಜ್ಯ ಎಂಬ ನಾಲ್ಕಂಶಗಳ ಕಾರ್ಯಕ್ರಮವನ್ನು ತಿಲಕರ ಪಕ್ಷ ಮುಂದಿಟ್ಟ ಕಾಲದಲ್ಲಿ, ಕೊಲ್ಹಾಪುರದ ಸೀಮೆಯಲ್ಲಿ ಮೊಳೆತ ಈ ವಿದ್ಯಾಲಯ ತಿಲಕರ ಬೆಂಬಲದಿಂದ ತಳೇಗಾಂವದಲ್ಲಿ ಬೇರುಬಿಟ್ಟಿತು. ಸಂತ ರಾಮದಾಸರ ‘ಸಮರ್ಥ’ ಬಿರುದನ್ನೇ ಹೆಸರಾಗಿ ಹೊತ್ತ ಶಾಲೆಯಲ್ಲಿ ಕಲಿಸಬೇಕಾದದ್ದು ಏನು ಎಂಬುದಕ್ಕಿಂತ, ಈಗಾಗಲೇ ಎಲ್ಲರ ಕೈಯಲ್ಲಿರುವ ಹಳೆಯ ಗ್ರಂಥಗಳನ್ನು ಹೇಗೆ ಓದಬೇಕು ಎಂಬುದೇ ಅದರ ಸ್ಥಾಪಕರ ಮುಖ್ಯ ಚಿಂತೆಯಾಗಿತ್ತೆಂದು ತೋರುತ್ತದೆ. ಏಕೆಂದರೆ ಆ ವಲಯದ ಪತ್ರಿಕೆಗಳು ರಾಮಾಯಣ, ದಾಸಬೋಧ, ಗೀತೆ, ವೇದಗಳನ್ನೆಲ್ಲ ವರ್ತಮಾನದ ದೃಷ್ಟಿಯಿಂದ ಮರಳಿ ಓದುವ ಕೆಲಸದಲ್ಲಿ ತೊಡಗಿದ್ದವು.

ಅಂಥ ಓದುಗಳಲ್ಲಿ ಒಂದು, 1908ರಲ್ಲಿ ‘ವಿಶ್ವವೃತ್ತ’ದಲ್ಲಿ ಅಚ್ಚಾದ ‘ವೈದಿಕ ಪ್ರಾರ್ಥನಾಂಚಿ ತೇಜಸ್ವಿತಾ’ ಎಂಬ ಮರಾಠಿ ಲೇಖನ. ಬರೆದವರು ಶ್ರೀಪಾದ ದಾಮೋದರ ಸಾತವಳೇಕರ. ಸಾವಂತವಾಡಿ ಸಂಸ್ಥಾನದ ಕೋಲಗಾಂವದಲ್ಲಿ 1867ರಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತು, ಹೈದರಾಬಾದಿನಲ್ಲಿ ಚಿತ್ರಕಾರರಾಗಿ ಸಂಪಾದಿಸುತ್ತಿದ್ದ ಅವರು ಆರ್ಯಸಮಾಜದ ಸಂಪರ್ಕದಿಂದ ವೇದಾಧ್ಯಯನಕ್ಕೆ ಹೊರಳಿದವರು. ಶೀರ್ಷಿಕೆಯೇ ಹೇಳುವಂತೆ, ವೇದದ ಪ್ರಾರ್ಥನೆಗಳು ದೈನ್ಯದ ಬೇಡಿಕೆಗಳಲ್ಲ, ಬಲವನ್ನೂ ಜಯವನ್ನೂ ಕೇಳುವ ತೇಜಸ್ಸಿನ ಮಾತುಗಳು ಎಂಬುದು ಲೇಖನದ ಧೋರಣೆ. ಸರಕಾರ ಇದನ್ನು ರಾಜದ್ರೋಹವೆಂದು ಓದಿತು. ವಿಜಾಪುರಕರರೂ ಪತ್ರಿಕೆಯ ಸಂಪಾದಕರೂ ಸಮರ್ಥ ವಿದ್ಯಾಲಯದ ಶಿಕ್ಷಕರೂ ಆಗಿದ್ದ ವಾಮನ ಮಲ್ಹಾರ ಜೋಶಿಯವರೂ ಸೆರೆಮನೆ ಸೇರಬೇಕಾಯಿತು. ಇಪ್ಪತ್ತಾರರ ಹರೆಯದ ಜೋಶಿಯವರಿಗೆ ವಿಧಿಸಲಾದದ್ದು ಮೂರು ವರ್ಷಗಳ ಸಕ್ತ ಸಜೆ. ತಾವು ಬರೆಯದ ಲೇಖನದ, ಆ ಲೇಖನವೂ ರಚಿಸದ ಮಂತ್ರಗಳ ಅರ್ಥಕ್ಕಾಗಿ ಅವರು ಶಿಕ್ಷೆ ಅನುಭವಿಸಿದರು.

ಯಾವ ನಿಯಮದ ಮೇಲೆ ಸರಕಾರ ಹಾಗೆ ಓದಿತು ಎಂಬುದನ್ನು ತಿಳಿಯಲು ಬ್ರಿಟಿಷ್ ಭಾರತದ ರಾಜದ್ರೋಹದ ಕಾನೂನನ್ನು ಸ್ವಲ್ಪ ನೋಡಬೇಕು. ಕೊಲ್ಹಾಪುರ ದೇಶೀ ಸಂಸ್ಥಾನವಾಗಿದ್ದರೂ ಅದರ ಮೇಲೆ ಬೀಳುತ್ತಿದ್ದ ನೆರಳು ಇದೇ ಕಾನೂನಿನದು, ಮತ್ತು 1908ರಲ್ಲಿ ಮೈಸೂರು ಸಂಸ್ಥಾನ ಕೂಡ ಪತ್ರಿಕೆಗಳ ಮೇಲೆ ಹೊಸ ನಿಬಂಧನೆಯನ್ನು ಜಾರಿಗೆ ತಂದಿತೆಂಬುದನ್ನು ನೆನೆದರೆ ಈ ನೆರಳು ಎಷ್ಟು ಉದ್ದವಾಗಿತ್ತೆಂಬುದು ತಿಳಿಯುತ್ತದೆ. ಭಾರತೀಯ ದಂಡ ಸಂಹಿತೆಗೆ 1870ರಲ್ಲಿ ಸೇರಿಸಲಾದ 124ಎ ಕಲಮು, ಸರಕಾರದ ವಿರುದ್ಧ ಅಪ್ರೀತಿಯನ್ನು ಕೆರಳಿಸುವ ಅಥವಾ ಕೆರಳಿಸಲು ಯತ್ನಿಸುವ ಮಾತನ್ನೂ ಬರಹವನ್ನೂ ಅಪರಾಧವೆಂದಿತು. 1897ರಲ್ಲಿ ತಿಲಕರ ಮೇಲೆ ನಡೆದ ಮೊದಲ ರಾಜದ್ರೋಹದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಸ್ಟ್ರೇಚಿ ಅವರು ‘ಅಪ್ರೀತಿ’ ಎಂದರೆ ಪ್ರೀತಿಯ ಅಭಾವವೇ ಎಂದು ವಿವರಿಸಿದರು. ಮರುವರ್ಷದ ತಿದ್ದುಪಡಿ ಆ ವಿಶಾಲ ವ್ಯಾಖ್ಯಾನಕ್ಕೆ ಶಾಸನದ ಮುದ್ರೆಯನ್ನೊತ್ತಿತು. ಲೇಖಕನ ಉದ್ದೇಶವೇ ಅಪರಾಧದ ತಿರುಳೆಂದು ಕಾನೂನು ಹೇಳಿದರೂ, ಆ ಉದ್ದೇಶವನ್ನು ಕಂಡುಹಿಡಿಯುವ ದಾರಿಯಾಗಿ ಅದು ತೋರಿಸಿದ್ದು ಲೇಖಕನ ಹೇಳಿಕೆಯನ್ನಲ್ಲ, ಬರಹ ತನ್ನ ಓದುಗರ ಮೇಲೆ ಸಹಜವಾಗಿ ಮಾಡಬಹುದಾದ ಪರಿಣಾಮವನ್ನು. ಕರ್ತೃವಿನ ಹೆಸರಿನಲ್ಲಿ ಆರಂಭವಾದ ವಿಚಾರಣೆ ಹೀಗೆ ಓದುಗನ ಕಡೆಗೆ ಹೊರಳುತ್ತಿತ್ತು. ಓದುಗನಾದರೋ ನ್ಯಾಯಾಲಯದಲ್ಲಿ ಹಾಜರಿರುತ್ತಿರಲಿಲ್ಲ, ನ್ಯಾಯಾಧೀಶನ ಕಲ್ಪನೆಯಲ್ಲಿ ಮಾತ್ರ ಇರುತ್ತಿದ್ದನು.

ಈ ಕಲ್ಪನೆಯ ವಿಚಿತ್ರ 1908ರ ಜುಲೈ ತಿಂಗಳಲ್ಲಿ ಮುಂಬಯಿಯ ಹೈಕೋರ್ಟಿನಲ್ಲಿ ಎಲ್ಲರಿಗೂ ಕಾಣುವಂತಾಯಿತು. ಮುಝಫ್ಫರಪುರದ ಬಾಂಬ್ ಘಟನೆಯ ಬಳಿಕ ತಿಲಕರ ಪತ್ರಿಕೆ ‘ಕೇಸರಿ’ಯಲ್ಲಿ ಬಂದ ಲೇಖನಗಳಿಗಾಗಿ ಅವರ ವಿಚಾರಣೆ ನಡೆದಾಗ, ಒಂಬತ್ತು ಮಂದಿ ಜ್ಯೂರಿಗಳಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರಸಿಗಳು. ಮರಾಠಿ ಓದುಗನ ಮನಸ್ಸಿನಲ್ಲಿ ಲೇಖನ ಏನನ್ನು ಎಬ್ಬಿಸುತ್ತದೆಂಬುದನ್ನು ತೀರ್ಮಾನಿಸಬೇಕಾಗಿದ್ದವರು ಮರಾಠಿಯ ಓದುಗರಲ್ಲ, ಸರಕಾರಿ ಭಾಷಾಂತರಕಾರ ಒದಗಿಸಿದ ಇಂಗ್ಲಿಷ್ ಪಾಠದ ಓದುಗರು. ತಿಲಕರು ಆ ಭಾಷಾಂತರಕಾರನನ್ನು ದೀರ್ಘವಾಗಿ ಪಾಟೀಸವಾಲಿಗೆ ಒಳಪಡಿಸಿದರು. ತಮ್ಮ ವಾದವನ್ನು ಇಪ್ಪತ್ತೊಂದು ಗಂಟೆಗೂ ಹೆಚ್ಚು ಕಾಲ ಮಂಡಿಸಿದರು. ಏಳು ಮಂದಿ ದೋಷಿಯೆಂದರು, ಇಬ್ಬರು ನಿರ್ದೋಷಿಯೆಂದರು. ನ್ಯಾಯಮೂರ್ತಿ ದಾವರ್ ಆರು ವರ್ಷಗಳ ಗಡೀಪಾರನ್ನು ವಿಧಿಸಿದರು. ತಳೇಗಾಂವದ ಶಾಲೆ ತನ್ನ ಅತಿ ದೊಡ್ಡ ಪೋಷಕನನ್ನು ಕಳೆದುಕೊಂಡದ್ದು ಹೀಗೆ.

ಆದರೆ ತಿಲಕರ ಲೇಖನಗಳಿಗೂ ‘ವಿಶ್ವವೃತ್ತ’ದ ಲೇಖನಕ್ಕೂ ಮೂಲಭೂತವಾದ ಒಂದು ಅಂತರವಿದೆ. ‘ಕೇಸರಿ’ಯ ಮಾತುಗಳಿಗೆ ಹೊಣೆಗಾರನಾದ ಕರ್ತೃ ಕಣ್ಣೆದುರಿಗೇ ಇದ್ದನು. ವೇದದ ಮಾತುಗಳಿಗೆ ಅಂಥವನಿಲ್ಲ. ಜೈಮಿನಿಯ ಸೂತ್ರಗಳ ಮೇಲೆ ಬೆಳೆದ ಪೂರ್ವಮೀಮಾಂಸೆ, ವೇದವನ್ನು ‘ಅಪೌರುಷೇಯ’ವೆಂದು, ಅಂದರೆ ಯಾವ ಪುರುಷನೂ, ದೇವರು ಕೂಡ, ರಚಿಸದ ಶಬ್ದರಾಶಿಯೆಂದು ಎಣಿಸುತ್ತದೆ, ಶಬ್ದಕ್ಕೂ ಅರ್ಥಕ್ಕೂ ಇರುವ ನಂಟು ಹುಟ್ಟಿನಿಂದಲೇ ಬಂದದ್ದು, ಯಾರೋ ಒಪ್ಪಂದದಿಂದ ಕಟ್ಟಿದ್ದಲ್ಲ ಎಂಬುದು ಅದರ ನಿಲುವು. ನ್ಯಾಯಶಾಸ್ತ್ರದವರು ‘ತಾತ್ಪರ್ಯ’ ಎಂದರೆ ಹೇಳುವವನ ಇಚ್ಛೆ ಎಂದಾಗ ಮೀಮಾಂಸಕರು ಒಪ್ಪಲಾರರು, ಏಕೆಂದರೆ ಅವರ ಗ್ರಂಥಕ್ಕೆ ಹೇಳುವವನೇ ಇಲ್ಲ. ಕರ್ತೃವಿಲ್ಲದ ವಾಕ್ಯದ ತಾತ್ಪರ್ಯವನ್ನು ವಾಕ್ಯದೊಳಗಿನ ಗುರುತುಗಳಿಂದಲೇ ಹಿಡಿಯಬೇಕೆಂದು ಅವರು ನಿಯಮಗಳನ್ನು ರೂಪಿಸಿದರು: ಪ್ರಕರಣದ ಉಪಕ್ರಮ ಉಪಸಂಹಾರಗಳು ಒಂದನ್ನೊಂದು ಹೇಗೆ ಕೂಡುತ್ತವೆ, ಯಾವ ಮಾತು ಮರಳಿ ಮರಳಿ ಬರುತ್ತದೆ, ಯಾವುದು ಬೇರೆಡೆ ತಿಳಿಯದ ಹೊಸ ವಿಷಯ, ಫಲವೇನು, ಸ್ತುತಿಪರವಾದ ಅರ್ಥವಾದ ಯಾವುದು, ಯುಕ್ತಿ ಯಾವ ಕಡೆಗಿದೆ ಎಂದು ನೋಡುವುದು. ಬಾರ್ತ್ ಹೇಳಿದ ಲೇಖಕನ ಮರಣಕ್ಕಿಂತಲೂ ಮೀಮಾಂಸಕರ ನಿಲುವು ಒಂದು ಹೆಜ್ಜೆ ಮುಂದಿನದು, ಏಕೆಂದರೆ ಅವರ ಗ್ರಂಥದ ಕರ್ತೃ ಸಾಯುವುದಕ್ಕೆ ಹುಟ್ಟಿಯೇ ಇರಲಿಲ್ಲ. ಆದರೂ ಅವರು ಅರ್ಥವನ್ನು ಓದುಗನ ಇಷ್ಟಕ್ಕೆ ಬಿಟ್ಟವರಲ್ಲ. ಕರ್ತೃ ಖಾಲಿಮಾಡಿದ ಸ್ಥಾನದಲ್ಲಿ ಅವರು ಕೂರಿಸಿದ್ದು ಓದುವ ಶಿಸ್ತನ್ನು, ಆ ಶಿಸ್ತನ್ನು ಕಾಯುವ ಪಂಡಿತರ ಪರಂಪರೆಯನ್ನು.

ಆ ಪರಂಪರೆಯೂ ಒಂದೇ ಆಗಿರಲಿಲ್ಲ. ಹದಿನಾಲ್ಕನೆಯ ಶತಮಾನದ ವಿಜಯನಗರದಲ್ಲಿ, ಬುಕ್ಕರಾಯನ ಮತ್ತು ಇಮ್ಮಡಿ ಹರಿಹರನ ಆಶ್ರಯದಲ್ಲಿ ವೇದಗಳಿಗೆ ಭಾಷ್ಯ ಬರೆದ ಸಾಯಣಾಚಾರ್ಯರು ಮಂತ್ರಗಳನ್ನು ಬಹುಮಟ್ಟಿಗೆ ಯಜ್ಞದ ಕಣ್ಣಿನಿಂದ ಓದಿದರು. ಶತ್ರುನಾಶದ ಪ್ರಾರ್ಥನೆ ಅಲ್ಲಿ ಕರ್ಮದ ಅಂಗ. ಹತ್ತೊಂಬತ್ತನೆಯ ಶತಮಾನದಲ್ಲಿ ದಯಾನಂದ ಸರಸ್ವತಿಗಳು ಸಾಯಣರ ದಾರಿಯನ್ನು ತಿರಸ್ಕರಿಸಿ, ವೇದವು ಸಕಲ ಸತ್ಯವಿದ್ಯೆಗಳ ಗ್ರಂಥವೆಂಬ ನೆಲೆಯಿಂದ ಬೇರೆಯೇ ಭಾಷ್ಯಕ್ಕೆ ತೊಡಗಿದರು. ಸಾತವಳೇಕರರ ಓದು ದಯಾನಂದರಿಂದ ಹೊರಟು ರಾಷ್ಟ್ರದ ಕಡೆಗೆ ಸಾಗಿತು; ಅಥರ್ವವೇದದ ಹನ್ನೆರಡನೆಯ ಕಾಂಡದ ಭೂಮಿಸೂಕ್ತವನ್ನು ಅವರು ‘ವೈದಿಕ ರಾಷ್ಟ್ರಗೀತ’ವೆಂದು ಓದಿ ಪುಸ್ತಕ ಬರೆದರು, ಅದೂ ಸರಕಾರದ ಮುಟ್ಟುಗೋಲಿಗೆ ಗುರಿಯಾಯಿತು. ಇವರೆಲ್ಲರ ನಡುವೆ ಇನ್ನೊಂದು ಓದೂ ಇತ್ತು, ಯುರೋಪಿನ ಭಾಷಾಶಾಸ್ತ್ರಜ್ಞರದು: ಸಾಯಣಭಾಷ್ಯ ಸಹಿತವಾದ ಋಗ್ವೇದವನ್ನು ಮ್ಯಾಕ್ಸ್ ಮುಲ್ಲರ್ 1849ರಿಂದ 1874ರವರೆಗೆ ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದು ಈಸ್ಟ್ ಇಂಡಿಯಾ ಕಂಪನಿಯ ಧನಸಹಾಯದಿಂದ ಆರಂಭವಾದ ಯೋಜನೆಯಲ್ಲಿ. ಪುರಾತನ ಮಾನವನ ಬಾಲಭಾಷೆಯೆಂದು ಓದುವವರೆಗೆ ಸರಕಾರದ ಹಣದಿಂದ ಅಚ್ಚಾಗಬಹುದಾಗಿದ್ದ ಗ್ರಂಥ, ಕೊಲ್ಹಾಪುರದ ಮಾಸಿಕದಲ್ಲಿ ವರ್ತಮಾನದ ಪ್ರಾರ್ಥನೆಯಾದೊಡನೆ ಅಪರಾಧವಾಯಿತು. ಮಂತ್ರದ ಅಕ್ಷರ ಬದಲಾಗಿರಲಿಲ್ಲ.

ಇಂಥ ಆರೋಪದೆದುರು ಯಾರಿಗೂ ಮೊದಲು ಹೊಳೆಯುವ ಸಮರ್ಥನೆ ಎಂದರೆ, ಇವು ಸಾವಿರಾರು ವರ್ಷಗಳ ಹಿಂದಿನ ಮಾತುಗಳು, ಇವುಗಳಿಗೂ ಇಂದಿನ ಸರಕಾರಕ್ಕೂ ಸಂಬಂಧವಿಲ್ಲ ಎಂಬುದು. ಆದರೆ ಸಂಸ್ಕೃತ ಕಾವ್ಯಮೀಮಾಂಸೆಯ ದೃಷ್ಟಿಯಿಂದ ಈ ಸಮರ್ಥನೆ ನಿಲ್ಲುವಂಥದಲ್ಲ, ಮತ್ತು ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ವಿಜಾಪುರಕರರಿಗೆ ಅದು ತಿಳಿಯದ ವಿಷಯವಾಗಿರಲಾರದು. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು, ಪದದ ನೇರ ಅರ್ಥವಾದ ವಾಚ್ಯವೂ ಅದಕ್ಕೆ ತೊಡಕುಂಟಾದಾಗ ಬರುವ ಲಕ್ಷ್ಯಾರ್ಥವೂ ಮುಗಿದ ಮೇಲೆ ಸೂಚಿತವಾಗುವ ಮೂರನೆಯ ಅರ್ಥವನ್ನು ‘ಧ್ವನಿ’ಯೆಂದು ಕರೆದು ಅದನ್ನೇ ಕಾವ್ಯದ ಆತ್ಮವೆಂದನು, ಹೆಚ್ಚು ಕಡಿಮೆ ಅದೇ ಶತಮಾನದ ಕನ್ನಡದ ‘ಕವಿರಾಜಮಾರ್ಗ’ವೂ ಧ್ವನಿಯನ್ನು ಬಲ್ಲದು, ಆದರೆ ಅಲಂಕಾರಗಳಲ್ಲಿ ಒಂದಾಗಿ ಮಾತ್ರ. ಧ್ವನಿಯನ್ನು ಗ್ರಹಿಸಬಲ್ಲವನು ‘ಸಹೃದಯ’, ಅಂದರೆ ಕಾವ್ಯಾಭ್ಯಾಸದಿಂದ ತಿಳಿಯಾದ ಮನಸ್ಸುಳ್ಳ ಓದುಗ. ಹನ್ನೊಂದನೆಯ ಶತಮಾನದ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ, ಸೂಚಿತಾರ್ಥ ಹೊಮ್ಮಲು ಕಾರಣವಾಗುವ ಅಂಶಗಳನ್ನು ಎಣಿಸುವಾಗ, ಹೇಳುವವನು ಯಾರು, ಕೇಳುವವನು ಯಾರು, ದನಿಯ ಏರಿಳಿತವೇನು, ಬಳಿಯಲ್ಲಿ ಇನ್ಯಾರಿದ್ದಾರೆ, ಪ್ರಸ್ತಾವವೇನು, ದೇಶ ಯಾವುದು, ಕಾಲ ಯಾವುದು ಎಂಬುದನ್ನೆಲ್ಲ ಸೇರಿಸುತ್ತಾನೆ. ಸೂರ್ಯ ಮುಳುಗಿದನೆಂಬ ಒಂದೇ ಸಂಗತಿ ದನಗಾಹಿಗೆ, ವ್ಯಾಪಾರಿಗೆ, ಪ್ರಿಯನನ್ನು ಕಾಯುವವಳಿಗೆ ಬೇರೆ ಬೇರೆಯಾಗಿ ಕೇಳಿಸುತ್ತದೆಂಬುದು ಈ ಶಾಸ್ತ್ರದ ಪ್ರಸಿದ್ಧ ಉದಾಹರಣೆ. ಹಾಗಾದರೆ ಬಂಗಾಳದ ವಿಭಜನೆಯ, ಬಹಿಷ್ಕಾರದ, ಬಾಂಬುಗಳ ಆ ಕಾಲದಲ್ಲಿ, ರಾಷ್ಟ್ರೀಯ ಪಕ್ಷದ ಮಾಸಿಕವೊಂದರಲ್ಲಿ, ಅದೇ ಪಕ್ಷದ ಓದುಗರಿಗಾಗಿ ಶತ್ರುಜಯದ ಮಂತ್ರವನ್ನು ವಿವರಿಸಿದಾಗ ಆ ಶತ್ರು ಇಂದ್ರನ ಎದುರಾಳಿಯಾದ ವೃತ್ರ ಮಾತ್ರನಾಗಿ ಉಳಿಯುವುದು ಹೇಗೆ? ವಕ್ತೃ, ಬೋದ್ಧವ್ಯ, ದೇಶ, ಕಾಲ, ಎಲ್ಲವೂ ಒಂದೇ ಕಡೆಗೆ ಬೆರಳು ತೋರುತ್ತಿದ್ದವು. ಕಹಿಯೆನಿಸಿದರೂ ಹೇಳಬೇಕಾದ ಮಾತೆಂದರೆ, ಸರಕಾರ ಲೇಖನವನ್ನು ತಪ್ಪಾಗಿ ಓದಲಿಲ್ಲ. ಆ ಮಟ್ಟಿಗೆ ಅದು ಸಹೃದಯನಂತೆಯೇ ಓದಿತು. ಅನ್ಯಾಯವಿದ್ದದ್ದು ಅದರ ಓದಿನಲ್ಲಲ್ಲ, ಓದಿಗೆ ಶಿಕ್ಷೆಯನ್ನು ಗಂಟುಹಾಕಿದ ಅದರ ಅಧಿಕಾರದಲ್ಲಿ.

ಆಳುವವರಿಗೂ ಇದರ ಅರಿವಾದಂತೆ ತೋರುತ್ತದೆ. 1910ರ ಪತ್ರಿಕಾ ಕಾಯಿದೆಯ ನಾಲ್ಕನೆಯ ಕಲಮು, ಮುದ್ರಣಾಲಯಗಳ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದಾದ ಬರಹಗಳನ್ನು ವಿವರಿಸುವಾಗ, ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ, ಅನುಮಾನದಿಂದ, ಸೂಚನೆಯಿಂದ, ಪರೋಕ್ಷ ಉಲ್ಲೇಖದಿಂದ, ರೂಪಕದಿಂದ, ಧ್ವನಿತಾರ್ಥದಿಂದ ಅಥವಾ ಇನ್ನಾವ ರೀತಿಯಿಂದಲೇ ಆಗಲಿ ದ್ರೋಹದ ಭಾವವನ್ನು ಮೂಡಿಸುವ ಪ್ರವೃತ್ತಿಯುಳ್ಳ ಮಾತುಗಳು ಎಂದು ಒಂದು ಪಟ್ಟಿಯನ್ನೇ ಕೊಟ್ಟಿತು. ಅಲಂಕಾರಶಾಸ್ತ್ರದ ಪರಿಭಾಷೆ ದಂಡಶಾಸ್ತ್ರದೊಳಗೆ ಇಷ್ಟು ಸಲೀಸಾಗಿ ಹೊಕ್ಕ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ. ‘ವಿಶ್ವವೃತ್ತ’ದ ಪ್ರಕರಣದಂಥವುಗಳಲ್ಲಿ ನ್ಯಾಯಾಲಯಗಳು ಊಹೆಯಿಂದ ಮಾಡುತ್ತಿದ್ದ ಓದು ಈ ಕಾಯಿದೆಯಿಂದ ನಿಯಮಬದ್ಧವಾಯಿತು. ಅದೇ 1910ರಲ್ಲಿ ತಳೇಗಾಂವದ ಸಮರ್ಥ ವಿದ್ಯಾಲಯವನ್ನು ಸರಕಾರ ಮುಚ್ಚಿಸಿತು. ಪತ್ರಿಕೆಯನ್ನು ನಿಲ್ಲಿಸಿದರೆ ಒಂದು ಬರಹ ನಿಲ್ಲುತ್ತದೆ, ಶಾಲೆಯನ್ನು ನಿಲ್ಲಿಸಿದರೆ ಒಂದು ಬಗೆಯ ಓದುಗರೇ ಹುಟ್ಟದಂತಾಗುತ್ತಾರೆ. ಆಡಳಿತಕ್ಕೆ ಈ ಲೆಕ್ಕ ಗೊತ್ತಿತ್ತು. ಅಮೆರಿಕದ ಸ್ಟ್ಯಾನ್ಲಿ ಫಿಶ್ 1980ರಲ್ಲಿ, ಅರ್ಥವನ್ನು ನಿರ್ಮಿಸುವುದು ಒಬ್ಬಂಟಿ ಓದುಗನೂ ಅಲ್ಲ, ಕೃತಿಯೂ ಅಲ್ಲ, ಒಂದೇ ಬಗೆಯ ಓದಿನ ರೂಢಿಗಳನ್ನು ಹಂಚಿಕೊಂಡ ‘ವ್ಯಾಖ್ಯಾನ ಸಮುದಾಯ’ ಎಂದು ವಾದಿಸಿದನು. ಅಂಥ ಸಮುದಾಯಗಳು ತಾವಾಗಿ ಹುಟ್ಟುವುದಿಲ್ಲ, ಅವಕ್ಕೆ ಕಟ್ಟಡ, ಹಣ, ಗುರು, ವೇಳಾಪಟ್ಟಿ ಬೇಕು ಎಂಬುದನ್ನು ಅವನ ಗ್ರಂಥಕ್ಕಿಂತ ತಳೇಗಾಂವದ ಇತಿಹಾಸ ಚೆನ್ನಾಗಿ ತೋರಿಸುತ್ತದೆ.

ಈ ಸಮುದಾಯದೊಳಗೆ ಯಾರಿಗೆ ಪ್ರವೇಶವಿತ್ತು ಎಂಬ ಪ್ರಶ್ನೆಯನ್ನು ಬಿಟ್ಟರೆ ಚಿತ್ರ ಅರ್ಧವಾಗುತ್ತದೆ. ‘ವಿಶ್ವವೃತ್ತ’ದ ಕೊಲ್ಹಾಪುರವೇ ‘ವೇದೋಕ್ತ’ ವಿವಾದದ ನೆಲೆ. ಛತ್ರಪತಿ ಶಾಹೂ ಮಹಾರಾಜರ ಸ್ನಾನಕಾಲದಲ್ಲಿ ಪುರೋಹಿತ ವೇದೋಕ್ತ ಮಂತ್ರಗಳನ್ನು ಬಿಟ್ಟು, ಶೂದ್ರರಿಗೆ ಸಲ್ಲುವುದೆಂದು ಎಣಿಸಲಾಗಿದ್ದ ಪುರಾಣೋಕ್ತ ಮಂತ್ರಗಳನ್ನು ಹೇಳುತ್ತಿದ್ದುದು ಬೆಳಕಿಗೆ ಬಂದು ಆರಂಭವಾದ ಆ ವಿವಾದದಲ್ಲಿ, ತಿಲಕರ ‘ಕೇಸರಿ’ ವೇದೋಕ್ತ ಮಂತ್ರಗಳೇ ಬೇಕೆಂಬ ಮಹಾರಾಜರ ಬೇಡಿಕೆಯನ್ನು ಬೆಂಬಲಿಸಲಿಲ್ಲ. ವೇದ ಇಡೀ ರಾಷ್ಟ್ರದ ಪ್ರಾರ್ಥನೆಯೆಂದು ಸಾರುವ ಲೇಖನ ಬಂದ ಊರಿನಲ್ಲಿ, ಆ ರಾಷ್ಟ್ರದ ಬಹುಪಾಲು ಜನರಿಗೆ, ಸ್ವತಃ ಅರಸನಿಗೂ, ವೇದವನ್ನು ಕೇಳುವ ಹಕ್ಕೇ ಇಲ್ಲವೆಂಬ ಮಾತು ಕೆಲವೇ ವರ್ಷಗಳ ಹಿಂದೆ ಗಟ್ಟಿಯಾಗಿ ಕೇಳಿಬಂದಿತ್ತು. ಓದುಗ ಅರ್ಥವನ್ನು ಸೃಷ್ಟಿಸುತ್ತಾನೆಂಬ ಸಿದ್ಧಾಂತ ಎಷ್ಟೇ ಉದಾರವಾಗಿ ಕೇಳಿಸಲಿ, ಓದುಗನೆನಿಸಿಕೊಳ್ಳುವ ಅರ್ಹತೆಯನ್ನು ಜಾತಿಯೂ ಸಂಸ್ಥೆಯೂ ಸರಕಾರವೂ ಮೊದಲೇ ಹಂಚಿಬಿಟ್ಟಿದ್ದ ಸಮಾಜದಲ್ಲಿ ಅದು ಅರ್ಧ ಸತ್ಯ ಮಾತ್ರ.

ಫ್ರಾನ್ಸಿನ ಮಿಶೆಲ್ ಫೂಕೊ 1969ರ ಉಪನ್ಯಾಸವೊಂದರಲ್ಲಿ, ಬರಹಗಳಿಗೆ ನಿಜವಾದ ಅರ್ಥದಲ್ಲಿ ಕರ್ತೃಗಳು ದೊರೆತದ್ದು ಬರೆದವರನ್ನು ಶಿಕ್ಷಿಸಲು ಸಾಧ್ಯವಾದ ಮೇಲೆ ಎಂದು ಹೇಳಿದನು. ಕರ್ತೃವಿಲ್ಲದ ವೇದಕ್ಕೆ 1908ರಲ್ಲಿ ಒದಗಿದ್ದು ಇದೇ: ಋಷಿಗಳು ಮಂತ್ರಗಳ ದ್ರಷ್ಟಾರರೇ ಹೊರತು ಕರ್ತೃಗಳಲ್ಲವೆಂದು ಸಂಪ್ರದಾಯ ಬಿಟ್ಟುಹೋಗಿದ್ದ ಖಾಲಿ ಜಾಗದಲ್ಲಿ ದಂಡಶಾಸ್ತ್ರ ಒಬ್ಬ ಸಂಪಾದಕನನ್ನೂ ಒಬ್ಬ ಪ್ರಾಧ್ಯಾಪಕನನ್ನೂ ತಂದು ನಿ‌ಲ್ಲಿಸಿತು.

ಸೆರೆಮನೆಯಲ್ಲೇ ಈ ವಲಯದ ಅತಿ ದೊಡ್ಡ ಓದೂ ನಡೆಯಿತು. ಗಡೀಪಾರಾಗಿ ಸೆರೆಯಲ್ಲಿದ್ದ ಮಂಡಾಲೆಯಲ್ಲಿ ತಿಲಕರು 1910–11ರ ಚಳಿಗಾಲದಲ್ಲಿ ಪೆನ್ಸಿಲಿನಿಂದ ಬರೆದ ‘ಗೀತಾರಹಸ್ಯ’ದ ಮೊದಲ ಭಾಗದಲ್ಲೇ, ಮೀಮಾಂಸಕರ ಉಪಕ್ರಮ ಉಪಸಂಹಾರಾದಿ ಗುರುತುಗಳನ್ನು ಮುಂದಿಟ್ಟು, ಭಾಷ್ಯಕಾರರು ತಮ್ಮ ತಮ್ಮ ಸಂಪ್ರದಾಯಗಳಿಗೆ ತಕ್ಕಂತೆ ಗೀತೆಯನ್ನು ಹಿಗ್ಗಿಸಿ ಕುಗ್ಗಿಸಿದ್ದಾರೆಂದೂ, ಆ ಗುರುತುಗಳನ್ನು ಪಕ್ಷಪಾತವಿಲ್ಲದೆ ಅನ್ವಯಿಸಿದರೆ ಗೀತೆ ಬೋಧಿಸುವುದು ಕರ್ಮಯೋಗವನ್ನೆಂದೂ ವಾದಿಸಲಾಗಿದೆ. ಹಿಂದಿನ ಓದುಗರೆಲ್ಲ ಅರ್ಥವನ್ನು ಹೊರಗಿನಿಂದ ತಂದರು, ತಾನು ಮಾತ್ರ ಒಳಗಿನಿಂದ ತೆಗೆದೆ ಎನ್ನುವುದು ಪ್ರತಿಯೊಬ್ಬ ಭಾಷ್ಯಕಾರನ ಮಾತು. ತಿಲಕರು ಅದಕ್ಕೆ ಹೊರತಲ್ಲ. ಅವರು 1914ರಲ್ಲಿ ಬಿಡುಗಡೆಯಾದಾಗ ಹಸ್ತಪ್ರತಿ ಸರಕಾರದ ವಶದಲ್ಲಿ ಉಳಿದು, ಆಮೇಲೆ ಮರಳಿ ಬಂದು, 1915ರಲ್ಲಿ ಪ್ರಕಟವಾಯಿತು. ‘ವಿಶ್ವವೃತ್ತ’ದ ಕಿರುಲೇಖನದಲ್ಲಿ ದ್ರೋಹವನ್ನು ಕಂಡ ಸರಕಾರ ಈ ಬೃಹದ್ಗ್ರಂಥದಲ್ಲಿ ತಡೆಯಬೇಕಾದದ್ದೇನನ್ನೂ ಕಾಣಲಿಲ್ಲ, ಓದುಗರಾದರೋ ಅದರಲ್ಲಿ ಕರ್ಮಕ್ಕೆ ಕರೆಯನ್ನೇ ಕೇಳಿದರು. ಕನ್ನಡದ ಓದುಗರಿಗೆ ಆ ಕರೆ ತಲುಪಿದ್ದು ಆಲೂರು ವೆಂಕಟರಾಯರ ಅನುವಾದದ ಮೂಲಕ. ಪುಣೆಯಲ್ಲಿ ಓದಿದ್ದ ಆಲೂರರು ‘ವಾಗ್ಭೂಷಣ’ದ ಸಂಪಾದಕರು, ಧಾರವಾಡದಲ್ಲಿ ರಾಷ್ಟ್ರೀಯ ಶಿಕ್ಷಣಕ್ಕಾಗಿ ಶಾಲೆ ತೆರೆದವರು, 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದವರು. ಮರಾಠಿಯಲ್ಲಿ ಸ್ವರಾಜ್ಯದ ಗ್ರಂಥವಾಗಿದ್ದದ್ದು ಅವರ ಕೈಯಲ್ಲಿ ಕರ್ನಾಟಕತ್ವದ ಚಿಂತನೆಯ ಪಕ್ಕದಲ್ಲಿ ಕುಳಿತಿತು. ಧಾರವಾಡದ ಓದುಗ ಆ ಗ್ರಂಥವನ್ನು ಏಕೀಕರಣದ ಕನಸಿನೊಡನೆ ಸೇರಿಸಿ ಓದಿದ್ದರೆ ಅದು ಪುಣೆಯ ಕರ್ತೃ ಊಹಿಸಿದ ಅರ್ಥವಾಗಿರಲಿಲ್ಲ.

ತಳೇಗಾಂವದಿಂದ ಅನತಿ ದೂರದ ದೇಹೂ ಊರಿನ ತುಕಾರಾಮನ ಅಭಂಗಗಳ ಕಥೆ, ಕರ್ತೃವಿನ ಹೆಸರು ಸ್ಪಷ್ಟವಾಗಿದ್ದಾಗಲೂ ಓದುಗರ ಕೈವಾಡ ಎಷ್ಟು ದೊಡ್ಡದೆಂಬುದಕ್ಕೆ ಇನ್ನೊಂದು ಸಾಕ್ಷ್ಯ. ಇಂದ್ರಾಯಣಿಯಲ್ಲಿ ಮುಳುಗಿಸಿದ ಹೊತ್ತಿಗೆಗಳು ತೇಲಿಬಂದವೆಂಬ ಐತಿಹ್ಯವನ್ನು ಬದಿಗಿಟ್ಟರೂ, ಅಭಂಗಗಳು ಉಳಿದದ್ದು ಕೀರ್ತನಕಾರರ ಕಂಠದಲ್ಲಿ ಮತ್ತು ಶಿಷ್ಯರ ವಹಿಗಳಲ್ಲಿ. ಅಂಥ ಶಿಷ್ಯರಲ್ಲಿ ಒಬ್ಬನಾದ ಸಂತಾಜಿ ಜಗನಾಡೆಯ ಸಮಾಧಿ ಹತ್ತಿರದ ಸುದುಂಬರೆಯಲ್ಲಿದೆ. ಮುಂಬಯಿ ಸರಕಾರದ ನೆರವಿನಿಂದ 1869ರಿಂದ 1873ರ ನಡುವೆ ಅಚ್ಚಾದ ಗಾಥೆ ಸುಮಾರು ನಾಲ್ಕೂವರೆ ಸಾವಿರ ಅಭಂಗಗಳನ್ನು ಕೊಟ್ಟರೆ, ವಿ. ಲ. ಭಾವೆಯವರು ಜಗನಾಡೆಯ ವಹಿಯಿಂದ ಪ್ರಕಟಿಸಿದ ಗಾಥೆ ಅದಕ್ಕಿಂತ ಬಹಳ ಚಿಕ್ಕದು. ಜಮಖಂಡಿಯಲ್ಲಿ ಹುಟ್ಟಿ ನಿಂಬಾಳದಲ್ಲಿ ನೆಲೆಸಿದ ಗುರುದೇವ ರಾನಡೆಯವರು, ಮಹಾರಾಷ್ಟ್ರದ ಅನುಭಾವವನ್ನು ಕುರಿತು 1933ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ, ಈ ಬಿಡಿ ಅಭಂಗಗಳನ್ನು ಕತ್ತಲೆಯಿಂದ ಸಾಕ್ಷಾತ್ಕಾರದವರೆಗಿನ ಒಂದು ಆತ್ಮಯಾತ್ರೆಯಾಗಿ ಜೋಡಿಸಿ ಓದಿದರು. ಅಂದರೆ ಕವಿತೆಯಿಂದ ಕವಿಯ ಬಾಳನ್ನು ಓದುಗನೇ ಹೆಣೆದನು. ಕನ್ನಡದಲ್ಲಿ ಬಿಡಿ ವಚನಗಳನ್ನು ಸಂವಾದದ ನೂಲಿನಲ್ಲಿ ಪೋಣಿಸಿದ ‘ಶೂನ್ಯಸಂಪಾದನೆ’ಯ ಸಂಕಲನಕಾರರು ಮಾಡಿದ್ದೂ ಇದೇ ಜಾತಿಯ ಕೆಲಸ, ಮತ್ತು ಅಲ್ಲಮನ ಬಗೆಗಿನ ಕನ್ನಡಿಗರ ಕಲ್ಪನೆ ಇಂದಿಗೂ ಅಲ್ಲಮನ ವಚನಗಳಿಗಿಂತ ಆ ಜೋಡಣೆಗೇ ಹೆಚ್ಚು ಋಣಿಯಾಗಿದೆ. ಸ್ವಾತಂತ್ರ್ಯಾನಂತರ ತಳೇಗಾಂವದಲ್ಲೇ ನೆಲೆಸಿ ಬರೆದ ಕಾದಂಬರಿಕಾರ ಗೋಪಾಲ ನೀಲಕಂಠ ದಾಂಡೇಕರರ ಕೃತಿಗಳಿಗೂ ಓದಿನ ಇನ್ನೊಂದು ಬಾಳು ಲಭಿಸಿತು: ಅವರ ಮಗಳು ವೀಣಾ ದೇವ ಮತ್ತು ಅಳಿಯ ವಿಜಯ ದೇವ ಅವರು ಸಭೆಗಳಲ್ಲಿ ಆ ಕಾದಂಬರಿಗಳನ್ನು ದನಿಗೂಡಿಸಿ ಓದುವ ‘ಅಭಿವಾಚನ’ವನ್ನು ದಶಕಗಳ ಕಾಲ ನಡೆಸಿದರು. ಮಮ್ಮಟನ ಪಟ್ಟಿಯಲ್ಲಿದ್ದ ದನಿಯ ಏರಿಳಿತ ಅಲ್ಲಿ ಮತ್ತೆ ಅರ್ಥದ ಪಾಲುದಾರನಾಯಿತು.

ವಿದ್ಯಾಲಯದ ಮುಂದಿನ ಕಥೆ ಸಂಕ್ಷಿಪ್ತ. ಬಿಡುಗಡೆಯ ಬಳಿಕವೂ ವಿಜಾಪುರಕರರು ಶಿಕ್ಷಣದ ಹಂಬಲವನ್ನು ಬಿಡಲಿಲ್ಲ. ಅವರು 1926ರಲ್ಲಿ ತೀರಿಕೊಂಡರು, ‘ಸಮರ್ಥ’ದ ಹೆಸರು ತಳೇಗಾಂವದ ಶಾಲೆಯಲ್ಲಿ ಮರುಹುಟ್ಟು ಪಡೆಯಿತು. ಸಾತವಳೇಕರರು ಔಂಧ ಸಂಸ್ಥಾನದಲ್ಲಿ, 1948ರ ಬಳಿಕ ಗುಜರಾತಿನ ಪಾರಡಿಯಲ್ಲಿ ಸ್ವಾಧ್ಯಾಯ ಮಂಡಳವನ್ನು ನಡೆಸುತ್ತ ವೇದಸಂಹಿತೆಗಳನ್ನು ಮುದ್ರಿಸಿದರು. 1968ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ಕಣ್ಣುಮುಚ್ಚುವ ಮುನ್ನ, ಸ್ವತಂತ್ರ ಭಾರತದ ಸರಕಾರ ಅದೇ ವೇದಾಧ್ಯಯನಕ್ಕಾಗಿ ಅವರಿಗೆ ಪದ್ಮಭೂಷಣವನ್ನು ನೀಡಿತ್ತು.

ಮೂವರಲ್ಲಿ ಸಾಹಿತ್ಯಕ್ಕೆ ಹೊರಳಿದವರು ವಾಮನ ಮಲ್ಹಾರ ಜೋಶಿ. ಅವರ ‘ರಾಗಿಣಿ’ 1915ರಲ್ಲಿ ಪ್ರಕಟವಾಯಿತು. ‘ಕಾವ್ಯಶಾಸ್ತ್ರವಿನೋದ’ ಎಂಬ ಪರ್ಯಾಯ ನಾಮವಿರುವ ಆ ಕಾದಂಬರಿಯಲ್ಲಿ ಕಥೆಯಷ್ಟೇ ಜಾಗವನ್ನು ಪಾತ್ರಗಳ ತತ್ತ್ವಚರ್ಚೆ ಆಕ್ರಮಿಸುತ್ತದೆ, ಆದ್ದರಿಂದಲೇ ಮರಾಠಿ ವಿಮರ್ಶೆ ಅವರ ಕಾದಂಬರಿಗಳನ್ನು ತಾತ್ತ್ವಿಕ ಕಾದಂಬರಿಗಳೆಂದು ಗುರುತಿಸುತ್ತದೆ. ಕರ್ವೆಯವರ ಮಹಿಳಾ ಶಿಕ್ಷಣ ಸಂಸ್ಥೆಯಲ್ಲಿ ಅಧ್ಯಾಪಕರಾಗಿ, 1930ರಲ್ಲಿ ಮಡಗಾಂವದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಅವರು ಕಲೆ ಮತ್ತು ನೀತಿಗಳ ಸಂಬಂಧವನ್ನು ಮತ್ತೆ ಮತ್ತೆ ಚಿಂತಿಸಿದರು. ಅದೇ ಪ್ರಶ್ನೆಯನ್ನು ಎತ್ತಿಕೊಂಡು 1930ರ ದಶಕದ ಮಧ್ಯದಲ್ಲಿ ಬರೆದ ‘ಇಂದು ಕಾಳೆ ವ ಸರಲಾ ಭೋಳೆ’ ಕಾದಂಬರಿಯನ್ನು ಅವರು ಪೂರ್ತಿಯಾಗಿ ಪತ್ರಗಳಲ್ಲೇ ಕಟ್ಟಿದರು. ಇನ್ನೊಬ್ಬನ ಮಾತಿನ ಅರ್ಥಕ್ಕೆ ಹೊಣೆಯಾಗಿ ಮೂರು ವರ್ಷ ಸೆರೆಯಲ್ಲಿದ್ದುದೇ ಈ ರೂಪದ ಆಯ್ಕೆಗೆ ಕಾರಣವೆಂದರೆ ಅತಿಯಾದೀತು. ಪತ್ರಕಾದಂಬರಿ ಯುರೋಪಿನಲ್ಲಿ ಹಳೆಯ ರೂಪ. ಆದರೆ ಆ ಕಾದಂಬರಿಯಲ್ಲಿ ನಿರೂಪಕನಿಲ್ಲ, ಪಾತ್ರಗಳ ಪತ್ರಗಳಲ್ಲದೆ ಬೇರೆ ಮಾತಿಲ್ಲ, ಯಾವ ಪತ್ರಕ್ಕೂ ಲೇಖಕನ ಸಹಿಯಿಲ್ಲ. ಇಂದುವಿನ ಪಕ್ಷ ಸರಿಯೋ ಸರಲೆಯ ಪಕ್ಷ ಸರಿಯೋ ಎಂದು ಓದುಗ ಕೇಳಿದರೆ, ಉತ್ತರವಾಗಿ ಸಿಗುವುದು ಇನ್ನೊಂದು ಪತ್ರ.